ಗಡಿಯಾರ ದುಂಡಗಿದೆಯೇ?

ಗಂಗಾಪುರ ಎಂದೊಡನೆ ಕನ್ನಡದ ಕಿವಿಗೆ ಮೊದಲು ಕೇಳಿಸುವುದು ಗಾಣಗಾಪುರ: ಭೀಮಾ ತೀರ, ದತ್ತನ ಪಾದುಕೆ, ಗುರುವಾರದ ಸಾಲು. ಈ ಗಂಗಾಪುರ ಅದಲ್ಲ. ಇದು ಮಹಾರಾಷ್ಟ್ರದ ನಾಸಿಕ್ ನಗರಕ್ಕೆ ತಾಗಿಕೊಂಡಿರುವ ಗೋದಾವರಿ ದಂಡೆಯ ಊರು. ಇದೇ ಹೆಸರಿನ ತಾಲ್ಲೂಕು ಕೇಂದ್ರವೊಂದು ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲೂ ಇದೆ. ನಾಸಿಕ್‌ನ ಗಂಗಾಪುರದ ಬಳಿ ಗೋದಾವರಿಗೆ ಮಣ್ಣಿನ ಅಣೆಕಟ್ಟು ಕಟ್ಟಿದ್ದಾರೆ. ಅಲ್ಲಿಂದ ನದಿಯ ಜಾಡು ಹಿಡಿದು ಮೇಲಕ್ಕೆ ಹೋದರೆ ತ್ರ್ಯಂಬಕ. ಧುಂಡಿರಾಜ ಗೋವಿಂದ ಫಾಲ್ಕೆ ಹುಟ್ಟಿದ್ದು ಅಲ್ಲಿ, 1870ರ ಏಪ್ರಿಲ್ 30ರಂದು. ನದಿಯ ಜೊತೆ ಕೆಳಕ್ಕೆ ಇಳಿದರೆ ನಾಸಿಕ್. ಅವರು 1918ರಲ್ಲಿ ಪಾಲುದಾರರ ಜೊತೆ ಹಿಂದುಸ್ತಾನ್ ಸಿನೆಮಾ ಫಿಲ್ಮ್ಸ್ ಕಂಪನಿ ಕಟ್ಟಿದ್ದು, 1944ರ ಫೆಬ್ರವರಿ 16ರಂದು ಕಣ್ಣು ಮುಚ್ಚಿದ್ದು ಅಲ್ಲಿ. ಭಾರತದ ಚಲನಚಿತ್ರದ ಮೊದಲ ಅಧ್ಯಾಯ ಹೆಚ್ಚುಕಡಿಮೆ ಇದೇ ನದಿಯ ಒಂದು ದಿನದ ನಡಿಗೆಯೊಳಗೆ ಶುರುವಾಗಿ ಮುಗಿದಿದೆ.

ಫಾಲ್ಕೆಯವರ ಕಥೆಯಲ್ಲಿ ಎಲ್ಲರಿಗೂ ಗೊತ್ತಿರುವ ಭಾಗ 1913ರ ಮೇ 3, ಮುಂಬಯಿಯ ಕಾರೊನೇಷನ್ ಚಿತ್ರಮಂದಿರ, ‘ರಾಜಾ ಹರಿಶ್ಚಂದ್ರ’. ಅದಕ್ಕೂ ಮುಂಚಿನ ಒಂದು ಸಣ್ಣ ಕೆಲಸವನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. 1912ರಲ್ಲಿ ಲಂಡನ್ನಿಗೆ ಹೋದ ಫಾಲ್ಕೆ ಅಲ್ಲಿಂದ ವಿಲಿಯಮ್ಸನ್ ಕ್ಯಾಮೆರಾದ ಜೊತೆಗೆ ಫಿಲಮ್ಮಿನ ಅಂಚಿಗೆ ತೂತು ಹೊಡೆಯುವ ಯಂತ್ರವನ್ನೂ ತರಿಸಿಕೊಂಡರು. ಆಗ ಕಚ್ಚಾ ಫಿಲಂ ಬರುತ್ತಿದ್ದದ್ದು ತೂತಿಲ್ಲದ ಬರೀ ಪಟ್ಟಿಯಾಗಿ. ತೂತು ಹೊಡೆಯುವುದು ಕತ್ತಲೆಯಲ್ಲಿ, ಮನೆಯಲ್ಲಿ ಆಗಬೇಕಿದ್ದ ಕೆಲಸ. ಹೆಂಡತಿ ಸರಸ್ವತಿಬಾಯಿ ಹಗಲು ಇಡೀ ತಂಡಕ್ಕೆ ಅಡುಗೆ ಮಾಡಿ, ರಾತ್ರಿ ಫಿಲಮ್ಮಿಗೆ ತೂತು ಹೊಡೆಯುತ್ತಿದ್ದರು. ಚಿತ್ರದ ಆಕಾರ ತೀರ್ಮಾನವಾಗುತ್ತಿದ್ದದ್ದು ಆ ತೂತುಗಳಲ್ಲೇ.

ಅದು ಹೇಗೆಂದರೆ, 35 ಮಿಲಿಮೀಟರ್ ಫಿಲಮ್ಮಿನ ಎರಡೂ ಅಂಚಿನಲ್ಲಿ ತೂತುಗಳ ಸಾಲಿದೆ. ಸಾಲುಗಳ ನಡುವೆ ಉಳಿಯುವ ಜಾಗ ಸುಮಾರು ಒಂದು ಅಂಗುಲ. ಎಡಿಸನ್ನನ ಪ್ರಯೋಗಶಾಲೆಯಲ್ಲಿ ಡಿಕ್ಸನ್ ಎಂಬಾತ 1890ರ ದಶಕದ ಶುರುವಿನಲ್ಲಿ ಒಂದೊಂದು ಚಿತ್ರಕ್ಕೆ ನಾಲ್ಕು ತೂತಿನ ಎತ್ತರ ಎಂದು ಗೊತ್ತುಮಾಡಿದ. ನಾಲ್ಕು ತೂತಿನ ಎತ್ತರವೆಂದರೆ ಮುಕ್ಕಾಲು ಅಂಗುಲ. ಒಂದು ಅಂಗುಲ ಅಗಲ, ಮುಕ್ಕಾಲು ಅಂಗುಲ ಎತ್ತರ: ಅಂದರೆ 4:3. ಇದರ ಹಿಂದೆ ಸೌಂದರ್ಯಶಾಸ್ತ್ರವೇನೂ ಇದ್ದಂತಿಲ್ಲ, ಇದ್ದದ್ದು ಹಲ್ಲುಚಕ್ರದ ಲೆಕ್ಕ. ಆ ಲೆಕ್ಕವೇ ಪ್ರಪಂಚದ ಎಲ್ಲ ಮೂಕಿಚಿತ್ರಗಳ, ಆಮೇಲೆ ಎಲ್ಲ ಟಿವಿಗಳ ಆಕಾರವಾಯಿತು. ನಮ್ಮ ಮನೆಗಳ ಸಾಲಿಡೇರ್, ಡಯನೋರಾ ಟಿವಿಗಳ ಮುಖ ಹಾಗಿದ್ದದ್ದೂ ಡಿಕ್ಸನ್ನನ ನಾಲ್ಕು ತೂತಿನಿಂದ.

ಫಾಲ್ಕೆಯವರ ಫಿಲಂಗಳಲ್ಲಿ ಬಹುಪಾಲು ಹಾಳಾಗಿ ಹೋದವು. ಉಳಿದ ಅಲ್ಪಸ್ವಲ್ಪ ಸಿಕ್ಕಿದ್ದಕ್ಕೆ ಕಾರಣ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರ್. 1964ರಲ್ಲಿ ಆ ಸಂಸ್ಥೆ ಹುಟ್ಟಿದ ಮೇಲೆ ಅವರು ಸುರುಳಿಗಳನ್ನು ಹುಡುಕಿಕೊಂಡು ಊರೂರು ತಿರುಗಿದರು. ಫಾಲ್ಕೆ ಕುಟುಂಬದವರ ಬಳಿ ಉಳಿದಿದ್ದ ಸುರುಳಿಗಳು ಅವರಿಗೆ ಸಿಕ್ಕಿದ್ದು ನಾಸಿಕ್‌ನಲ್ಲಿ. ಇಂದು ‘ರಾಜಾ ಹರಿಶ್ಚಂದ್ರ’ ಎಂದು ನಾವು ನೋಡುವ ತುಣುಕುಗಳು 1913ರ ಮೂಲವಲ್ಲ, 1917ರಲ್ಲಿ ಫಾಲ್ಕೆ ಮತ್ತೆ ತೆಗೆದದ್ದು ಎಂಬುದು ಹಲವು ಸಂಶೋಧಕರ ವಾದ. 1919ರ ‘ಕಾಲಿಯಾ ಮರ್ದನ’ ಹೆಚ್ಚು ಭಾಗ ಉಳಿದಿದೆ. ಅದರಲ್ಲಿ ಬಾಲಕೃಷ್ಣನಾಗಿ ಕುಣಿಯುವವಳು ಫಾಲ್ಕೆಯವರ ಮಗಳು ಮಂದಾಕಿನಿ.

ಇಂಥ ಸುರುಳಿಯನ್ನು ಉಳಿಸಿದರೆ ಸಾಲದು, ಸರಿಯಾದ ಕಿಂಡಿಯಿಂದ ನೋಡಬೇಕು. ಮೂಕಿಯ ಕಾಲದಲ್ಲಿ ಚಿತ್ರ ತೂತಿನಿಂದ ತೂತಿನವರೆಗೆ ಹರಡಿರುತ್ತಿತ್ತು. ವಾಕ್ಚಿತ್ರ ಬಂದಾಗ ಧ್ವನಿಯ ಪಟ್ಟಿಗೆ ಜಾಗ ಬೇಕಾಯಿತು. ಚಿತ್ರದ ಒಂದು ಬದಿಯಲ್ಲಿ ಸುಮಾರು ಹತ್ತನೇ ಒಂದಂಗುಲದಷ್ಟು ಕತ್ತರಿಸಿ ಧ್ವನಿಗೆ ಕೊಟ್ಟರು. ಮೂಕಿಚಿತ್ರವನ್ನು ವಾಕ್ಚಿತ್ರದ ಕಿಂಡಿಯುಳ್ಳ ಯಂತ್ರದಲ್ಲಿ ಓಡಿಸಿದರೆ ಆ ಬದಿಯಲ್ಲಿ ನಿಂತವರು ಅರ್ಧ ಮಾಯವಾಗುತ್ತಾರೆ. ಅಲ್ಲಿ ಸಾಕ್ಷಿ ಹೇಳುವುದು ಚಿತ್ರಗಳ ನಡುವೆ ಬರುವ ಬರಹದ ಫಲಕಗಳು. ಎಡಗಡೆಯ ಮೊದಲಕ್ಷರಗಳು ಸಾಲುಸಾಲಾಗಿ ಕಾಣೆಯಾಗಿದ್ದರೆ ಕತ್ತರಿ ಬಿದ್ದಿದೆ ಎಂದರ್ಥ. ಮುಖ ಕತ್ತರಿಸಿದರೆ ನಿರ್ದೇಶಕ ಹಾಗೇ ತೆಗೆದಿರಬಹುದು ಅಂದುಕೊಳ್ಳುತ್ತೇವೆ. ಅಕ್ಷರ ಕತ್ತರಿಸಿದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಧ್ವನಿ ಬದಿಯನ್ನು ತಿಂದಮೇಲೆ ಚಿತ್ರ ಬಹುತೇಕ ಚೌಕವಾಯಿತು, ಸುಮಾರು 1.19ಕ್ಕೆ 1. ಅದು ಯಾರಿಗೂ ಹಿಡಿಸಲಿಲ್ಲ. 1932ರಲ್ಲಿ ಹಾಲಿವುಡ್ಡಿನ ಅಕಾಡೆಮಿ ಎತ್ತರವನ್ನೂ ಒಂದಿಷ್ಟು ಮುಚ್ಚಿ 1.37ಕ್ಕೆ ತಂದು ನಿಲ್ಲಿಸಿತು. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ. ಚಿತ್ರೀಕರಣ ನಡೆದದ್ದು ಕರ್ನಾಟಕದಲ್ಲಲ್ಲ, ಕೊಲ್ಹಾಪುರದ ಛತ್ರಪತಿ ಸಿನೆಟೋನ್‌ನಲ್ಲಿ. ಮೂರು ವರ್ಷದ ಮೇಲೆ, 1937ರಲ್ಲಿ, ಫಾಲ್ಕೆಯವರ ಕೊನೆಯ ಚಿತ್ರ ‘ಗಂಗಾವತರಣ’ ತಯಾರಾದದ್ದೂ ಕೊಲ್ಹಾಪುರದಲ್ಲೇ. ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಉಳಿದಿಲ್ಲ. ಹಾಗಾಗಿ ಅದರ ಆಕಾರದ ಪ್ರಶ್ನೆ ಏಳುವುದೇ ಇಲ್ಲ. ಏಳಬಾರದಿತ್ತೇ ಎಂದು ಮಾತ್ರ ಅನಿಸುತ್ತದೆ.

ಮುಂದಿನ ತಿರುವಿನಲ್ಲಿ ಮೈಸೂರಿನವರೊಬ್ಬರು ಬರುತ್ತಾರೆ. ಫ್ರಾನ್ಸಿನ ಹೆನ್ರಿ ಕ್ರೆಟಿಯನ್ 1920ರ ದಶಕದಲ್ಲಿ ಒಂದು ವಿಚಿತ್ರ ಲೆನ್ಸು ಮಾಡಿದ್ದ. ಅದು ಎದುರಿನ ದೃಶ್ಯವನ್ನು ಅಡ್ಡಕ್ಕೆ ಮಾತ್ರ ಅರ್ಧಕ್ಕೆ ಹಿಂಡಿ, ಎತ್ತರವನ್ನು ಹಾಗೇ ಬಿಟ್ಟು, ಅದೇ ಹಳೆಯ ಫಿಲಮ್ಮಿನೊಳಗೆ ತುಂಬುತ್ತಿತ್ತು. ಚಿತ್ರಮಂದಿರದಲ್ಲಿ ಇನ್ನೊಂದು ಲೆನ್ಸು ಅದನ್ನು ಹಿಗ್ಗಿಸಿ ಅಗಲ ತೆರೆಗೆ ಹರಡುತ್ತಿತ್ತು. ಟಿವಿಯಿಂದ ಪ್ರೇಕ್ಷಕರನ್ನು ಎಳೆದು ತರಲು ದಾರಿ ಹುಡುಕುತ್ತಿದ್ದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿ 1953ರಲ್ಲಿ ಇದನ್ನು ಸಿನೆಮಾಸ್ಕೋಪ್ ಎಂಬ ಹೆಸರಿನಲ್ಲಿ ಬಿಟ್ಟಿತು. ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ ಗುರುದತ್ತರ ‘ಕಾಗಜ್ ಕೇ ಫೂಲ್’, 1959. ಅದಕ್ಕೆ ಕ್ಯಾಮೆರಾ ಹಿಡಿದವರು ವಿ.ಕೆ. ಮೂರ್ತಿ: ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. ಸ್ಟುಡಿಯೋದ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ, ಕತ್ತಲ ನಡುವೆ ಒಂದೇ ಒಂದು ಬೆಳಕಿನ ಕಂಬ ನಿಲ್ಲಿಸಿದ ಆ ದೃಶ್ಯ ಇಂದಿಗೂ ಪಾಠವಾಗಿದೆ. ಕಂಬದ ಅತ್ತ ಒಬ್ಬರು, ಇತ್ತ ಒಬ್ಬರು, ನಡುವೆ ದೂರ. ಆ ದೂರವನ್ನು ತೋರಿಸಲಿಕ್ಕೆ ಅಗಲ ಬೇಕಿತ್ತು. ಅದೇ ಚಿತ್ರವನ್ನು ಮುಂದೆ 4:3 ಟಿವಿಗೆ ಕತ್ತರಿಸಿದಾಗ ಇಬ್ಬರಲ್ಲಿ ಒಬ್ಬರು ಹೊರಗೆ ಉಳಿಯಬೇಕಾಗುತ್ತಿತ್ತು, ಇಲ್ಲವೇ ನಡುವಿನ ದೂರ ಮುಗಿದುಹೋಗುತ್ತಿತ್ತು.

ಮೂರ್ತಿಯವರಿಗೆ 2008ನೇ ಸಾಲಿನ ಪ್ರಶಸ್ತಿ ಬಂತು. ಅಲ್ಲಿಯವರೆಗೆ ಯಾವ ಛಾಯಾಗ್ರಾಹಕರಿಗೂ ಸಿಗದಿದ್ದ ಆ ಪ್ರಶಸ್ತಿಯ ಹೆಸರು ದಾದಾಸಾಹೇಬ್ ಫಾಲ್ಕೆ. ಕನ್ನಡ ಸಿನೆಮಾ ಅಗಲ ತೆರೆಗೆ ಬರಲು 1977ರವರೆಗೆ ಕಾಯಬೇಕಾಯಿತು. ವಿಷ್ಣುವರ್ಧನ್, ಮಂಜುಳಾ ನಟಿಸಿದ ‘ಸೊಸೆ ತಂದ ಸೌಭಾಗ್ಯ’ ನಮ್ಮ ಮೊದಲ ಸಿನೆಮಾಸ್ಕೋಪ್.

ಹಿಂಡುವುದು, ಆಮೇಲೆ ಹಿಗ್ಗಿಸುವುದು. ಕ್ರೆಟಿಯನ್ನನ ಈ ಉಪಾಯವೇ ಅರ್ಧ ಶತಮಾನದ ಮೇಲೆ ನಮ್ಮ ಛತ್ರಗಳಿಗೂ ಕಲ್ಯಾಣಮಂಟಪಗಳಿಗೂ ಬಂದಿತು. ಈ ಸಲ ಲೆನ್ಸಿನಲ್ಲಿ ಅಲ್ಲ, ಅಂಕಿಗಳಲ್ಲಿ.

1980ರ, 90ರ ದಶಕದ ಮದುವೆ ವಿಡಿಯೊ ಎಂದರೆ ಹೆಗಲ ಮೇಲಿನ ವಿಎಚ್‌ಎಸ್ ಕ್ಯಾಮೆರಾ, ಕಣ್ಣು ಕುಕ್ಕುವ ಹ್ಯಾಲೊಜೆನ್ ದೀಪ, ವೈರು ಹಿಡಿದುಕೊಂಡು ಹಿಂದೆ ಓಡುವ ಹುಡುಗ. ಅದೆಲ್ಲ 4:3, ಗೊಂದಲವಿಲ್ಲ. 1995ರಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಮಿನಿ-ಡಿವಿ ಕ್ಯಾಸೆಟ್ ಬಂತು. ಕೆಲವೇ ವರ್ಷಗಳಲ್ಲಿ ಸೋನಿಯ ಪಿಡಿ-150, ಪಿಡಿ-170 ಮಾದರಿಗಳು ಮದುವೆ ವಿಡಿಯೊದವರ ಕೈಗೆ ಬಂದವು. ಆ ಕ್ಯಾಮೆರಾಗಳ ಮೆನುವಿನಲ್ಲಿ ‘16:9’ ಎಂಬ ಒಂದು ಆಯ್ಕೆ ಇತ್ತು.

ಈ 16:9 ಎಲ್ಲಿಂದ ಬಂತೆಂಬುದು ತಮಾಷೆಯಾಗಿದೆ. 1980ರ ದಶಕದ ಮೊದಲರ್ಧದಲ್ಲಿ ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್, ಚಾಲ್ತಿಯಲ್ಲಿದ್ದ ಎಲ್ಲ ಆಕಾರಗಳ ಆಯತಗಳನ್ನು ಒಂದೇ ಕ್ಷೇತ್ರಫಲಕ್ಕೆ ಕತ್ತರಿಸಿ, ನಡುವನ್ನು ನಡುವಿಗೆ ಕೂಡಿಸಿ ಒಂದರ ಮೇಲೊಂದು ಇಟ್ಟ. ಎಲ್ಲವನ್ನೂ ಒಳಗೊಳ್ಳುವ ಹೊರ ಆಯತ 1.77ಕ್ಕೆ ಹತ್ತಿರ. ಎಲ್ಲಕ್ಕೂ ಸಮಾನವಾದ ಒಳ ಆಯತವೂ ಅಷ್ಟೇ. 4:3 ಮತ್ತು ಸ್ಕೋಪಿನ 2.35, ಇವೆರಡನ್ನು ಗುಣಿಸಿ ವರ್ಗಮೂಲ ತೆಗೆದರೆ ಬರುವುದೂ ಅದೇ ಅಂಕಿ. ಅಂದರೆ 16:9 ಯಾರ ಚಿತ್ರದ್ದೂ ಆಕಾರವಲ್ಲ, ಎಲ್ಲರ ನಡುವಿನ ರಾಜಿ. ಇಂದು ಪ್ರಪಂಚದ ಬಹುಪಾಲು ಟಿವಿಗಳ ಆಕಾರ ಈ ರಾಜಿಯೇ.

ಡಿವಿಯ ತೊಡಕು ಇನ್ನೊಂದು ರಾಜಿಯಿಂದ ಬಂದದ್ದು. 1982ರಲ್ಲಿ ಟಿವಿ ಚಿತ್ರವನ್ನು ಅಂಕಿಗೆ ಇಳಿಸುವ ಅಂತರರಾಷ್ಟ್ರೀಯ ನಿಯಮ ಬಂದಾಗ, 625 ಗೆರೆಯ ಭಾರತ-ಯುರೋಪಿನ ಟಿವಿಗೂ 525 ಗೆರೆಯ ಅಮೆರಿಕ-ಜಪಾನಿನ ಟಿವಿಗೂ ಒಂದೇ ಅಳತೆ ಇರಲಿ ಎಂದು ಗೆರೆಯೊಂದಕ್ಕೆ 720 ಚುಕ್ಕೆ ಎಂದು ಗೊತ್ತುಮಾಡಿದರು. ನಮ್ಮ ಪದ್ಧತಿಯಲ್ಲಿ ಚಿತ್ರಕ್ಕೆ ಸಿಗುವ ಗೆರೆ 576. ಹಾಗಾಗಿ ಟೇಪಿನಲ್ಲಿ ಇರುವುದು 720 ಅಡ್ಡ, 576 ಉದ್ದ. ಭಾಗಿಸಿ ನೋಡಿದರೆ 5:4. ಅದು 4:3 ಅಲ್ಲ, 16:9 ಅಂತೂ ಅಲ್ಲವೇ ಅಲ್ಲ. ಚುಕ್ಕೆಗಳು ಚೌಕವಾಗಿಲ್ಲ ಎಂಬುದೇ ಗುಟ್ಟು. 4:3ರ ಟೇಪಿನಲ್ಲಿ ಪ್ರತಿ ಚುಕ್ಕೆಯೂ ತುಸು ಅಗಲ, 16:9ರ ಟೇಪಿನಲ್ಲಿ ತುಂಬಾ ಅಗಲ. ಚುಕ್ಕೆಗಳ ಲೆಕ್ಕ ಮಾತ್ರ ಎರಡರಲ್ಲೂ ಒಂದೇ. ಯಾವ ಟೇಪು ಯಾವುದು ಎಂದು ಹೇಳುವುದು ಚಿತ್ರದ ಜೊತೆಗೆ ಅಡಗಿ ಕೂತ ಒಂದು ಸಣ್ಣ ಗುರುತು.

ಕನ್ನಡದಲ್ಲಿ ಟೈಪ್ ಮಾಡಿದವರಿಗೆ ಈ ಪಾಡು ಹೊಸದಲ್ಲ. ನುಡಿಯಲ್ಲೋ ಬರಹದಲ್ಲೋ ಕೂಡಿಸಿದ ಹಳೆಯ ಕಡತವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪುಟದ ತುಂಬ ಕಸಕಡ್ಡಿ. ಕಡತದಲ್ಲಿ ಒಂದಕ್ಷರವೂ ಹಾಳಾಗಿರುವುದಿಲ್ಲ. ಹೇಗೆ ಓದಬೇಕೆಂಬ ಮಾಹಿತಿ ಮಾತ್ರ ಕಳೆದಿರುತ್ತದೆ. ವ್ಯತ್ಯಾಸ ಇಷ್ಟೇ: ಕಸಕಡ್ಡಿ ಕಂಡರೆ ತಪ್ಪಾಗಿದೆ ಎಂದು ಮಗುವಿಗೂ ಗೊತ್ತಾಗುತ್ತದೆ. ಆಕಾರ ತಪ್ಪಿದ ಚಿತ್ರ ಮಾತ್ರ ಸರಿಯೆಂಬಂತೆಯೇ ಕಾಣುತ್ತದೆ. ಅಜ್ಜಿ ತೆಳ್ಳಗೆ, ಉದ್ದಕ್ಕೆ, ಕೆನ್ನೆ ಒಳಕ್ಕೆ ಹೋದಂತೆ ಕಾಣುತ್ತಾರೆ. ಅವರನ್ನು ಬಲ್ಲವರು ‘ಇದೇನೋ ಸರಿಯಿಲ್ಲ’ ಎನ್ನುತ್ತಾರೆ. ಅವರು ತೀರಿಕೊಂಡ ಮೇಲೆ ಹುಟ್ಟಿದ ಮೊಮ್ಮಕ್ಕಳು ‘ಅಜ್ಜಿ ಹೀಗಿದ್ದರು’ ಎನ್ನುತ್ತಾರೆ. ಇನ್ನಿಪ್ಪತ್ತು ವರ್ಷಕ್ಕೆ ಮೊದಲಿನವರು ಇರುವುದಿಲ್ಲ, ಕಡತ ಇರುತ್ತದೆ.

ಗುರುತು ಕಳೆಯುವುದು ಎಲ್ಲಿ? ಹಲವು ಕಡೆ. ಅಂದಿನ ಸ್ಟುಡಿಯೊಗಳಲ್ಲಿ ಅತಿ ಹೆಚ್ಚು ಕಳೆದದ್ದು ವಿಸಿಡಿಯಲ್ಲಿ. ಮದುವೆಯ ಟೇಪಿಗೆ ಹಾಡು, ಹೂವಿನ ಚೌಕಟ್ಟು, ಹೃದಯದಾಕಾರದ ಕಿಟಕಿ ಸೇರಿಸಿ ಮಿಕ್ಸಿಂಗ್ ಮಾಡಿ, ಕೊನೆಗೆ ವಿಸಿಡಿಯಲ್ಲಿ ಕೊಡುತ್ತಿದ್ದರು. ವಿಸಿಡಿಯ ಚಿತ್ರ 352ಕ್ಕೆ 288, ಅದಕ್ಕೆ ಗೊತ್ತಿರುವ ಆಕಾರ 4:3 ಒಂದೇ. 16:9ರಲ್ಲಿ ತೆಗೆದ ಮುಹೂರ್ತವನ್ನು ಹಾಗೇ ಅದಕ್ಕೆ ತುಂಬಿದರೆ ವಧೂವರರು ಬಿದಿರಿನಂತೆ ಉದ್ದವಾದರು. 2010ರ ಸುಮಾರಿಗೆ ಮನೆಗಳಿಗೆ ಎಲ್‌ಸಿಡಿ ಟಿವಿ ಬಂದಾಗ ಉಲ್ಟಾ ಆಯಿತು: 4:3ರ ಹಳೆಯ ಮದುವೆಯನ್ನು ತೆರೆ ತುಂಬ ಎಳೆದು ನೋಡಿದೆವು, ಎಲ್ಲರೂ ದಪ್ಪಗಾದರು. ಬದಿಯಲ್ಲಿ ಕಪ್ಪು ಪಟ್ಟಿ ಬಂದರೆ ಕೊಟ್ಟ ದುಡ್ಡಿಗೆ ಟಿವಿ ಪೂರ್ತಿ ಸಿಕ್ಕಿಲ್ಲ ಎಂಬ ಭಾವನೆ ನಮ್ಮಲ್ಲಿ ಎಷ್ಟು ಬಲವಾಗಿತ್ತೆಂದರೆ, ಆ ದಪ್ಪವನ್ನು ಯಾರೂ ಪ್ರಶ್ನಿಸಲಿಲ್ಲ.

ಇಂದು ಅದೇ ಮೂಲ ಟೇಪನ್ನು ಕಂಪ್ಯೂಟರಿಗೆ ಇಳಿಸಲು ಕೂತವರಿಗೆ ದಾರಿ ಎರಡು. ಫೈರ್‌ವೈರ್ ತಂತಿಯಿಂದ ಇಳಿಸಿದರೆ ಟೇಪಿನ ಅಂಕಿಗಳು ಇದ್ದ ಹಾಗೇ ಬರುತ್ತವೆ, ಗಂಟೆಗೆ ಸುಮಾರು 13 ಜಿಬಿ. ಗುರುತೂ ಜೊತೆಯಲ್ಲಿ ಬರುತ್ತದೆ. ಆಮೇಲೆ ಬೇರೆ ಕಡತವಾಗಿ ಬದಲಿಸುವಾಗ ಸಾಫ್ಟ್‌ವೇರ್ ಅದನ್ನು ಎತ್ತಿ ಆಚೆ ಎಸೆಯಬಹುದು, ಅದು ಬೇರೆ ಮಾತು. ಎರಡನೆಯ ದಾರಿ ಹಳದಿ-ಕೆಂಪು-ಬಿಳಿ ತಂತಿಗಳದು. ಇಲ್ಲಿ ಗುರುತು ಉಳಿಯುವ ಭರವಸೆ ಕಡಿಮೆ. ನಮ್ಮ ಪದ್ಧತಿಯಲ್ಲಿ ಅಗಲ ಚಿತ್ರದ ಸೂಚನೆಯನ್ನು 23ನೆಯ ಗೆರೆಯಲ್ಲಿ ಕಳಿಸುವ ಏರ್ಪಾಡಿದೆ, ಆದರೆ ಅಗ್ಗದ ಕ್ಯಾಪ್ಚರ್ ಸಾಧನಗಳು ಆ ಗೆರೆಯನ್ನು ಓದುವ ಗೋಜಿಗೇ ಹೋಗುವುದಿಲ್ಲ. ಇದಕ್ಕಿಂತ ಕೆಟ್ಟದ್ದೊಂದಿದೆ. ಹಲವು ಕ್ಯಾಮ್‌ಕಾರ್ಡರ್‌ಗಳ ಮೆನುವಿನಲ್ಲಿ ನಿಮ್ಮ ಟಿವಿ ಯಾವುದು ಎಂದು ಕೇಳುವ ಒಂದು ಸಾಲಿರುತ್ತದೆ. ಅಲ್ಲಿ 4:3 ಎಂದಿದ್ದರೆ, ಕ್ಯಾಮೆರಾ ತಾನೇ ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿ, ಚಿತ್ರವನ್ನು 432 ಗೆರೆಗೆ ಕುಗ್ಗಿಸಿ ಆ ತಂತಿಗಳಿಗೆ ಕಳಿಸುತ್ತದೆ. ಮುಖಗಳ ಆಕಾರ ಸರಿಯಾಗಿರುತ್ತದೆ, ಗೆರೆಗಳಲ್ಲಿ ಕಾಲು ಭಾಗ ಹೋಗಿರುತ್ತದೆ. ಆಮೇಲೆ ಎಷ್ಟು ಹಿಗ್ಗಿಸಿದರೂ ಅದು ಮರಳಿ ಬಾರದು.

ಪಿಡಿ-170ರಂಥ ಕ್ಯಾಮೆರಾದ 16:9 ಮೊದಲೇ ಅರ್ಧ ಸುಳ್ಳು ಎಂಬುದನ್ನೂ ಇಲ್ಲಿ ಹೇಳಬೇಕು. ಅದರ ಚಿತ್ರ ಹಿಡಿಯುವ ಚಿಪ್ಪು 4:3ರದು. 16:9 ಗುಂಡಿ ಒತ್ತಿದರೆ ಮೇಲಿನದನ್ನೂ ಕೆಳಗಿನದನ್ನೂ ಬಿಟ್ಟು, ನಡುವಿನ 432 ಗೆರೆಗಳನ್ನು 576ಕ್ಕೆ ಎಳೆದು ಟೇಪಿಗೆ ಬರೆಯುತ್ತಿತ್ತು. ಅಗಲ ಹೆಚ್ಚಾಗಲಿಲ್ಲ, ಎತ್ತರ ಕಡಿಮೆಯಾಯಿತು ಅಷ್ಟೆ. ಇದನ್ನು ಅರಿತ ವಿಡಿಯೊದವರು 4:3ರಲ್ಲೇ ತೆಗೆದರು. ಅಗಲವೆಂದರೆ ಸಿನೆಮಾ ಎಂದುಕೊಂಡವರು ಗುಂಡಿ ಒತ್ತಿದರು. ಇಬ್ಬರ ಟೇಪುಗಳೂ ಇಂದು ಒಂದೇ ರಟ್ಟಿನ ಪೆಟ್ಟಿಗೆಯಲ್ಲಿವೆ.

ಗುರುತು ಕಳೆದ ಟೇಪಿಗೆ ಏನು ಮಾಡುವುದು? ದುಂಡಗಿನ ವಸ್ತು ಹುಡುಕುವುದು. ಆರತಿ ತಟ್ಟೆ ಒಳ್ಳೆಯದಲ್ಲ, ಅದು ಯಾವಾಗಲೂ ಓರೆಯಾಗಿರುತ್ತದೆ. ಡೋಲಿನ ಮುಖವೂ ಅಷ್ಟೇ. ಕುಂಕುಮದ ಬೊಟ್ಟು ತೀರ ಚಿಕ್ಕದು. ಎಲ್ಲಕ್ಕಿಂತ ನಂಬಿಕಸ್ಥ ಸಾಕ್ಷಿ ಛತ್ರದ ಗೋಡೆ ಗಡಿಯಾರ, ಕ್ಯಾಮೆರಾ ಅದಕ್ಕೆ ನೇರ ಎದುರಾದ ಕ್ಷಣದಲ್ಲಿ. ಮುಹೂರ್ತ ಸರಿಯಾದ ಹೊತ್ತಿಗೆ ನಡೆಯಿತೆಂದು ತೋರಿಸಲು ವಿಡಿಯೊದವರು ಗಡಿಯಾರವನ್ನು ತಪ್ಪದೆ ತೋರಿಸುತ್ತಿದ್ದರು. ಆ ಸಂಪ್ರದಾಯಕ್ಕೆ ಈಗ ಇನ್ನೊಂದು ಪ್ರಯೋಜನ. ಚುಕ್ಕೆಗಳನ್ನು ಚೌಕವೆಂದೇ ಇಟ್ಟುಕೊಂಡು ಅಳೆಯಿರಿ. ಗಡಿಯಾರ 100 ಚುಕ್ಕೆ ಎತ್ತರವಿದ್ದು ಅಗಲ 94ರ ಹತ್ತಿರ ಬಂದರೆ ಟೇಪು 4:3ರದು. 70ರ ಹತ್ತಿರ ಬಂದರೆ 16:9ರದು. ನಡುವಿನ ಅಂಕಿ ಬಂದರೆ ಗಡಿಯಾರ ಓರೆಯಾಗಿದೆ, ಇಲ್ಲವೇ ಕಡತ ಈಗಾಗಲೇ ಯಾರದೋ ಕೈಯಲ್ಲಿ ಎಳೆಸಿಕೊಂಡಿದೆ.

ಈ ಅಂಕಿಗಳಲ್ಲೂ ಒಂದು ಜಗಳವಿದೆ. 720 ಚುಕ್ಕೆಗಳಲ್ಲಿ ನಿಜವಾದ ಚಿತ್ರ 702ರಲ್ಲಿ ಮಾತ್ರ, ಎರಡು ಬದಿಯ ಒಂಬತ್ತೊಂಬತ್ತು ಬರೀ ಅಂಚು ಎಂದು ಹಳೆಯ ಟಿವಿ ನಿಯಮ ಹೇಳುತ್ತದೆ. ಹಾಗೆ ಹಿಡಿದರೆ ಅಗಲ ಚಿತ್ರದ 720 ಚುಕ್ಕೆಗಳನ್ನು ಹಿಗ್ಗಿಸಬೇಕಾದದ್ದು 1050ಕ್ಕೆ, ಎಲ್ಲರೂ ಹಿಗ್ಗಿಸುವುದು 1024ಕ್ಕೆ. ವ್ಯತ್ಯಾಸ ನೂರಕ್ಕೆ ಎರಡೂವರೆ. ಎರಡೂ ಪಕ್ಷದವರು ಇದಕ್ಕಾಗಿ ವರ್ಷಗಟ್ಟಲೆ ವಾದಿಸಿದ್ದಾರೆ. ಮನೆಯ ಟೇಪಿನ ಮಟ್ಟಿಗೆ ಅದು ಗಡಿಯಾರವನ್ನು ಅಳೆಯುವವರ ಕೈ ನಡುಕಕ್ಕಿಂತ ದೊಡ್ಡದೇನಲ್ಲ. ನಿಜವಾಗಿ ಮಾಡಬಾರದ ತಪ್ಪು ಬೇರೆಯದು: ಇಳಿಸುವಾಗಲೇ ಚಿತ್ರವನ್ನು ಹಿಗ್ಗಿಸಿ, ಕುಗ್ಗಿಸಿ ಉಳಿಸುವುದು. ಟಿವಿಯ ಕಾಲದ ಚಿತ್ರದಲ್ಲಿ ಸಮ ಗೆರೆಗಳೂ ಬೆಸ ಗೆರೆಗಳೂ ಬೇರೆ ಬೇರೆ ಕ್ಷಣದವು. ಅವನ್ನು ಬಿಡಿಸದೆ ಎತ್ತರದಲ್ಲಿ ಕೈಯಾಡಿಸಿದರೆ ಎರಡು ಕ್ಷಣಗಳು ಕಲಸಿಹೋಗಿ, ಅಕ್ಷತೆ ಎರಚುವ ಕೈಗಳ ಬದಲು ಬಾಚಣಿಗೆಯ ಹಲ್ಲುಗಳು ಉಳಿಯುತ್ತವೆ. ಸಂಗ್ರಹಾಲಯಗಳು ಮಾಡುವುದು ಇಷ್ಟೇ: 720ಕ್ಕೆ 576 ಹೇಗಿದೆಯೋ ಹಾಗೇ ಒಂದು ಪ್ರತಿ, ಅದಕ್ಕೆ ಸರಿಯಾದ ಗುರುತು. ನೋಡಲಿಕ್ಕೆ ಬೇಕಾದದ್ದು ಇನ್ನೊಂದು ಪ್ರತಿ.

ಇಷ್ಟೆಲ್ಲ ಮಾಡಿ, ಗಡಿಯಾರ ಅಳೆದು, 16:9 ಎಂದು ಗುರುತು ಹಾಕಿ ನೋಡಲು ಕೂತರೂ ಟೇಪಿನ ಅರ್ಧದಲ್ಲಿ ಎಲ್ಲರೂ ಥಟ್ಟನೆ ದಪ್ಪಗಾಗುವುದುಂಟು. ಕ್ಯಾಮೆರಾ ಗುರುತನ್ನು ಟೇಪಿನ ಮೊದಲಿಗೆ ಒಮ್ಮೆ ಬರೆದು ಸುಮ್ಮನಾಗುವುದಿಲ್ಲ, ಪ್ರತಿ ಚಿತ್ರಕ್ಕೂ ಬರೆಯುತ್ತಾ ಹೋಗುತ್ತದೆ. ಹಲವು ಸಾಫ್ಟ್‌ವೇರ್‌ಗಳು ಮಾತ್ರ ಮೊದಲನೆಯದನ್ನು ಓದಿ ಉಳಿದದ್ದಕ್ಕೆಲ್ಲ ಅದೇ ಎಂದುಕೊಳ್ಳುತ್ತವೆ. ಬೆಳಗಿನ ಮುಹೂರ್ತ ಅಗಲದಲ್ಲಿ, ಸಂಜೆಯ ಆರತಕ್ಷತೆ 4:3ರಲ್ಲಿ. ನಡುವೆ ಊಟದ ಹೊತ್ತಿನಲ್ಲಿ ಯಾರೋ ಮೆನುವಿನಲ್ಲಿ ಕೈಯಾಡಿಸಿದ್ದಾರೆ. ಅಲ್ಲಿ ಟೇಪನ್ನು ಎರಡಾಗಿ ಕತ್ತರಿಸಬೇಕು, ಎರಡನೆಯ ಭಾಗಕ್ಕೆ ಬೇರೆ ಗುರುತು ಹಾಕಬೇಕು, ಮತ್ತೆ ಗಡಿಯಾರ ಹುಡುಕಬೇಕು.